ಐದು ಮಿಲಿಸೆಕೆಂಡಿನ ಉಸಿರು

ಅಪ್ಪ ಹೋದರೆಂಬ ಸುದ್ದಿ ಆಸ್ಪತ್ರೆಯಿಂದ ಬಂದಾಗ ಬೆಳಗಿನ ಹತ್ತು ಗಂಟೆ. ಮಗಳು ಆ್ಯಂಬುಲೆನ್ಸ್ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ಪರದೆಯ ಮೇಲೆ ಅಪ್ಪನೇ ಬರೆದಿದ್ದ ಪ್ರೋಗ್ರಾಮ್. ಅದರಲ್ಲೊಂದು ಸಾಲು ಕೆಂಪಾಗಿತ್ತು. ಕೆಂಪೆಂದರೆ ಯಾರೋ ಅಳಿಸಿದ್ದಾರೆ ಎಂದರ್ಥ.

ಅದು ‘ಉಸಿರು’ ಎಂಬ ಸಾಲು.

ಹೊಸ ಸಂದೇಶ ಬಂತೇ, ಬಂತೇ ಎಂದು ಆ ಪ್ರೋಗ್ರಾಮ್ ಡೇಟಾಬೇಸನ್ನು ಕೇಳುತ್ತಲೇ ಇರುತ್ತದೆ. ಬಿಡುವು ಕೊಡದೆ ಕೇಳಿದರೆ ಉತ್ತರ ಹೇಳುವುದರಲ್ಲೇ ಡೇಟಾಬೇಸ್ ಸೋತು, ಪ್ರಾಣ ಉಳಿಸಬೇಕಾದ ಕರೆ ಬಾಗಿಲಲ್ಲೇ ನಿಲ್ಲುತ್ತದೆ. ಅದಕ್ಕೇ ಅಪ್ಪ ಎರಡು ಪ್ರಶ್ನೆಗಳ ನಡುವೆ ಐದು ಮಿಲಿಸೆಕೆಂಡಿನ ತಡೆಯಿಟ್ಟು, ಅದನ್ನು ಉಸಿರು ಎಂದು ಕರೆದಿದ್ದರು.

ಅಳಿಸಿದವನು ಎದುರು ಮೇಜಿನವನು. ತಿಂಗಳ ಹಿಂದೆ ನನ್ನನ್ನು ಮದುವೆಯಾಗುವಿರಾ ಎಂದು ಅವಳನ್ನು ಕೇಳಿದ್ದವನು. ಹೂಂ ಎನ್ನಲು ಅವಳು ಮನಸ್ಸು ಮಾಡಿದ್ದಳು...

ಹದಿನೈದು ದಿನ ಕಳೆದು ಕಚೇರಿಗೆ ಬಂದವಳು ನೇರ ಅವನ ಮೇಜಿಗೆ ಹೋದಳು.

“ಅಪ್ಪ ಅಲ್ಲಿ ಉಸಿರಿಗೆ ಒದ್ದಾಡ್ತಿದ್ರು. ನೀವಿಲ್ಲಿ ಅವರ ಉಸಿರು ಅಳಿಸ್ತಿದ್ರಿ. ಕೈ ಹೇಗೆ ಬಂತು ನಿಮಗೆ?”

ಅವನು ತನ್ನ ಪರದೆಯನ್ನು ಅವಳ ಕಡೆ ತಿರುಗಿಸಿದ.

“ಬಾಯಿಗೆ ಬೀಗ ಹಾಕ್ಕೊಂಡಿದ್ದೀರಾ?”

“...ಕೆಳಗೆ ನೋಡಿದ್ರಾ?”

“ಏನಿದೆ ಕೆಳಗೆ? ನಿಮ್ಮ ಪಾಂಡಿತ್ಯಾನಾ?”

ಅವನು ತಲೆ ತಗ್ಗಿಸಿದ. ತಪ್ಪಿತಸ್ಥನ ಮೌನ ಎಂದುಕೊಂಡಳು.

ಕರೆ ಸ್ವೀಕರಿಸುವ ಅಕ್ಕ ತಡೆಯಲಾರದೆ ಹೇಳಿದಳು: “ಅವನು ಹಾಗೇ ಕಣೆ. ಊಟ ಆಯ್ತಾ ಅಂದ್ರೆ ಮತ್ತೆ ಹಸಿವಾಗೋ ಹೊತ್ತಿಗೆ ಉತ್ತರ ಕೊಡ್ತಾನೆ. ಮೊದಲು ಕೆಳಗೆ ನೋಡು, ತಾಯಿ.”

ನೋಡಿದಳು. ಅಂದು ಕೆಂಪು ಕಂಡೊಡನೆ ಪರದೆ ಮುಚ್ಚಿದ್ದಳು. ಕೆಳಗೆ ಹಸಿರಿನಲ್ಲಿ ಹೊಸ ಸಾಲುಗಳಿದ್ದವು. ಹೆಸರು ಅದೇ, ಉಸಿರು. ಪಕ್ಕದಲ್ಲಿ ಒಂದು ಟಿಪ್ಪಣಿ: ‘ಹಿರಿಯರು ಹೇಳಿದಂತೆ.’

“ಹೊಸ ಮಷೀನಿನ ಗಡಿಯಾರ ಒರಟು,” ಎಂದನವನು. “ಐದು ಮಿಲಿಸೆಕೆಂಡು ತಡಿ ಅಂದ್ರೆ ಹದಿನೈದು ಮಲಗಿಬಿಡುತ್ತೆ. ಸಾವಿರ ಸಂದೇಶಕ್ಕೆ ಹತ್ತು ಸೆಕೆಂಡು ತಡ. ನಿಮ್ಮಪ್ಪ ಹಾಸಿಗೆಯಿಂದಲೇ ಫೋನ್ ಮಾಡಿ, ಆ ಐದನ್ನ ಬೇರೆ ಗಡಿಯಾರದಲ್ಲಿ ಅಳೆಯಿರಿ ಅಂದ್ರು. ಮಗಳಿಗೆ ನಾನೇ ಹೇಳ್ತೀನಿ, ನೀವು ಬಾಯಿ ಬಿಡ್ಬೇಡಿ ಅಂದ್ರು.”

ಹೇಳಲು ಅಪ್ಪನಿಗೆ ವೇಳೆ ಸಿಗಲಿಲ್ಲ.

“ಮತ್ತೆ ಬೈಸ್ಕೊಂಡು ಯಾಕೆ ಕೂತ್ರಿ?” ಸಿಟ್ಟು ಇನ್ನೂ ಇಳಿದಿರಲಿಲ್ಲ, ಈಗ ಅದು ತನ್ನ ಮೇಲೆಯೇ ತಿರುಗಿತ್ತು.

“ನೀವು ಅಳೋ ಹೊತ್ತಲ್ಲಿ, ನಾನೇ ಸರಿ ಅಂತ ವಾದ ಮಾಡೋದಾ?”

ಅವಳ ಕಣ್ಣು ತುಂಬಿತು.

“ಒಂದೂವರೆ ತಿಂಗಳ ಹಿಂದೆ ಒಂದು ಮಾತು ಕೇಳಿದ್ರಿ. ಮತ್ತೆ ಯಾಕೆ ಕೇಳಲಿಲ್ಲ?”

“ಕೇಳ್ತಾನೇ ಇದ್ರೆ ಉತ್ತರಕ್ಕೆ ಜಾಗ ಇರಲ್ಲ... ಅಂತ.”

“ಈಗ ಕೇಳಿ.”

ಕೇಳಿದ. ಅವಳು ಒಂದು ಉಸಿರಿನಷ್ಟು ತಡೆದು, “ಹೂಂ” ಎಂದಳು.

ಆಮೇಲೆ ಅಪ್ಪನ ಖಾಲಿ ಕುರ್ಚಿಯ ಕಡೆ ತಿರುಗಿ ಇಬ್ಬರೂ ಕೈಮುಗಿದರು. ದೇವರೇ, ಕಾಣದ ಜನರ ಉಸಿರು ಉಳಿಸಲು ತನ್ನ ಉಸಿರು ಸವೆಸಿದ ಆ ಜೀವಕ್ಕೆ ನಿನ್ನ ಪಾದದಲ್ಲಿ ಶಾಂತಿ ಕೊಡು.