ಕೆಂಪಾದ ಓಣಿ

ಗೋಡೆಯಗಲದ ಪರದೆಯ ಮೇಲೆ ಹುಬ್ಬಳ್ಳಿ ಹಸಿರಾಗಿ ಹರಡಿಕೊಂಡಿತ್ತು. ಒಂದೊಂದು ಓಣಿಯೂ ಒಂದೊಂದು ಸಣ್ಣ ಗೆರೆ. ನೀಲಾಂಬಿಕಾ ನೋಡುತ್ತಿದ್ದಂತೆಯೇ ಗಿರಣಿ ಓಣಿಯ ಗೆರೆ ಹಳದಿಗೆ ತಿರುಗಿ, ಆಮೇಲೆ ಕೆಂಪಾಗಿ ನಿಂತುಬಿಟ್ಟಿತು.

“ಅಲ್ಲೇನಾತ್ರಿ, ಸರ?”

“ಏನಾತು ಅನ್ನೋದು ಭಯಲೇಖಿಗೆ ಗೊತ್ತಾಗೂದಿಲ್ಲ. ಅಲ್ಲಿ ಮಂದಿ ಅಂಜ್ಯಾರ, ಅಷ್ಟಽ ಗೊತ್ತಾಗ್ತದ,” ಎಂದರು ಡಾ. ವಾದಿರಾಜ ಕಟ್ಟಿ.

ಭಯಲೇಖಿ ಅವರದೇ ಸೃಷ್ಟಿ. ಊರಿನವರೆಲ್ಲ ಆರೋಗ್ಯಕ್ಕೆಂದು ಮಣಿಕಟ್ಟಿಗೆ ಕಟ್ಟಿಕೊಂಡ ಪಟ್ಟಿಗಳಿಂದ ಅದು ನಾಡಿಯ ಬಡಿತವನ್ನೂ ಬೆವರನ್ನೂ ಅಳೆಯುತ್ತಿತ್ತು. ಹೆಸರುಗಳನ್ನು ಅಳಿಸಿ ಓಣಿಗೊಂದು ಬಣ್ಣ ಕೊಡುತ್ತಿತ್ತು. ಅಂಜಿದವರಿಗೆ ಬೇಗ ನೆರವು ಸಿಗಲಿ ಎಂಬುದು ಕಟ್ಟಿಯವರ ಆಸೆ. ಸುದ್ದಿವಾಹಿನಿಯೊಂದು ಈ ನಕ್ಷೆಯನ್ನು ಹವಾಮಾನ ವರದಿಯಂತೆ ದಿನವೂ ತೋರಿಸುತ್ತಿತ್ತು. ಸಮೂಹ ಮಾಧ್ಯಮ ಓದುತ್ತಿದ್ದ ನೀಲಾ ಅದಕ್ಕೆ ವರದಿ ಬರೆಯುವ ತರಬೇತಿಗೆ ಬಂದಿದ್ದಳು. ಭಯ ಜ್ವರದಂತೆ, ಕಾರಣವಿದ್ದಲ್ಲಿ ಬರುತ್ತದೆ, ಸುದ್ದಿ ಅದನ್ನು ತಿಳಿಸುತ್ತದೆ ಅಷ್ಟೆ ಎಂದು ಅವಳು ನಂಬಿದ್ದಳು. ಗಿರಣಿ ಓಣಿ ಕೆಂಪಾಗಿದೆ ಎಂದು ಬರೆದು ಕಳಿಸಿದಳು.

ವಾರದೊಳಗೆ ಆಟೋದವರು ಆ ಓಣಿಗೆ ಹೋಗುವುದನ್ನು ಬಿಟ್ಟರು. ಪಕ್ಕದ ಬಡಾವಣೆಯಲ್ಲಿದ್ದ ಅವಳ ಮನೆಯಲ್ಲೂ ಅದೇ ಮಾತು.

“ಆ ಕೆಂಪ ಓಣ್ಯಾಗ ಏನೋ ನಡದೈತಿ. ನೀ ಆ ಕಡೆ ಹಾಯಬ್ಯಾಡಕ್ಕಾ,” ಎಂದ ತಮ್ಮ ಶಿವಯೋಗಿ. ಅವನೂ ಅವನ ಗೆಳೆಯರೂ ಆ ಓಣಿಯ ಬಾಯಿಗೆ ಬಿದಿರಿನ ಗಳ ಅಡ್ಡಗಟ್ಟಿ, ಬಡಿಗೆ ಹಿಡಿದು ಕಾಯತೊಡಗಿದ್ದರು.

ನೀಲಾ ಮರುದಿನ ಅಲ್ಲಿಗೇ ಹೋದಳು. ಬೀಗ ಜಡಿದ ಹಳೆಯ ಗಿರಣಿಯ ಎತ್ತರದ ಗೋಡೆ, ಅದರ ಬುಡದಲ್ಲಿ ಸಾಲುಮನೆಗಳು. ಖಾನಾವಳಿಗಳಿಗೆ ರೊಟ್ಟಿ ಮಾಡಿಕೊಡುವ ಶಾಂತವ್ವ ಕಿಟಕಿಯಿಂದ ದಿಟ್ಟಿಸಿ ನೋಡಿದ ಮೇಲೆಯೇ ಬಾಗಿಲು ತೆರೆದಳು.

“ನಿಮಗ ಯಾವುದರ ಅಂಜಿಕಿ, ಅವ್ವಾ?”

“ಮೊದಲ ಈ ಗ್ವಾಡಿದಿತ್ತು. ಬಿರುಕ ಬಿಟ್ಟೈತಿ, ಯಾವಾಗ ಮೈಮ್ಯಾಲೆ ಬೀಳತೈತೋ ಅಂತ. ಈಗ ಗ್ವಾಡಿ ಮರತಬಿಟ್ಟೇವಿ. ಬಡಿಗಿ ಹಿಡದ ನಿಂತಾರಲ್ಲ, ಅವರದಽ ಅಂಜಿಕಿ. ರೊಟ್ಟಿ ಒಯ್ಯಾಕ ಯಾರೂ ಬರವಲ್ರು. ನಾವೇನ ಮಾಡೇವಿ, ಯವ್ವಾ?”

ನೀಲಾ ಅಲ್ಲಿಂದ ನೆಟ್ಟಗೆ ಕಟ್ಟಿಯವರ ಬಳಿಗೆ ಬಂದಳು.

“ಸರ, ಅಲ್ಲಿ ಮಂದಿ ಅಂಜ್ಯಾರ ಅಂತ ನಾವು ತೋರಿಸಿದ್ವಿ. ಅಲ್ಲಿ ಮಂದಿಗೆ ಅಂಜಬೇಕು ಅಂತ ಊರು ತಿಳ್ಕೊಂಡೈತಿ.”

“ಯಂತ್ರ ಸುಳ್ಳಂತೂ ಹೇಳಿಲ್ಲಲಾ, ನೀಲಾ.”

“ಇಲ್ರಿ, ಖರೇನಽ ಹೇಳೈತಿ. ಅದಕ್ಕಽ ಎಲ್ಲಾರೂ ನಂಬ್ಯಾರ.”

ಕಟ್ಟಿಯವರು ಕೂಡಲೇ ಫೋನ್ ಕೈಗೆತ್ತಿಕೊಂಡರು. ನಕ್ಷೆ ನಿಲ್ಲಿಸಿರೆಂದು ವಾಹಿನಿಯವರನ್ನು ಬೇಡಿಕೊಂಡರು. ಜನ ಎದ್ದ ಕೂಡಲೇ ನೋಡುವುದೇ ಅದನ್ನು ಎಂದು ಅವರು ಒಪ್ಪಲಿಲ್ಲ. ಬೇಕಾದರೆ ಹುಡುಗಿಯೇ ಬಂದು ವಿವರಿಸಲಿ ಎಂದರು. ನೀಲಾ ಹೋಗಿ ಕ್ಯಾಮೆರಾದ ಮುಂದೆ ಕೂತು ಬಿರುಕಿನ ಗೋಡೆಯ ಬಗ್ಗೆ, ಬಡಿಗೆಗಳ ಬಗ್ಗೆ ಎಲ್ಲವನ್ನೂ ಹೇಳಿದಳು. ಅವಳು ಮಾತಾಡುವಷ್ಟು ಹೊತ್ತೂ ಕೆಳಗೆ ದಪ್ಪ ಅಕ್ಷರಗಳು ಓಡುತ್ತಿದ್ದವು: ‘ಗಿರಣಿ ಓಣಿಯಲ್ಲಿ ಹೆಚ್ಚಿದ ಭಯ, ಮುಂದೇನು?’ ಅಂದು ಸಂಜೆ ಸುತ್ತಲಿನ ಓಣಿಗಳೂ ಕೆಂಪಾದವು.

ತಪ್ಪಾಯಿತು ಎನ್ನಲು ಅವಳು ಮತ್ತೆ ಶಾಂತವ್ವನ ಮನೆಗೆ ಹೋಗಿದ್ದಾಗಲೇ ಗೋಡೆ ಬಿತ್ತು. ನೆಲ ನಡುಗಿತು, ಧೂಳು ಎದ್ದು ಹಾಡುಹಗಲೇ ಕತ್ತಲಾಯಿತು. ಕಲ್ಲುಗಳ ಕೆಳಗಿನಿಂದ ಯಾರೋ ನರಳುತ್ತಿದ್ದರು. ಇಡೀ ಓಣಿ ಚೀರುತ್ತ ರಸ್ತೆಯ ಕಡೆಗೆ ಓಡಿತು, ಜೊತೆಗೆ ಕಲ್ಲಿನ ಚೂರು ಬಡಿದು ಹಣೆ ಒಡೆದಿದ್ದ ನೀಲಾಳೂ.

“ಬಂದ್ರಲೇ! ಬಂದ್ರು!” ಎಂದು ಅಡ್ಡಗಟ್ಟಿನಾಚೆ ಯಾರೋ ಕೂಗಿದರು. ಬಡಿಗೆಗಳು ಮೇಲೆದ್ದವು.

ಎಲ್ಲರಿಗಿಂತ ಮುಂದೆ ಶಿವಯೋಗಿ ನಿಂತಿದ್ದ.

“ಶಿವ್ಯಾ, ನಾನೋ! ಗ್ವಾಡಿ ಬಿದ್ದೈತಿ, ಆಂಬುಲೆನ್ಸ್ ಕರಸೋ!”

ಅವನ ಕಣ್ಣು ಅವಳ ಮುಖದ ಮೇಲೇ ಇತ್ತು. ಧೂಳು ಮೆತ್ತಿದ, ರಕ್ತ ಹರಿಯುತ್ತಿದ್ದ ಆ ಮುಖದಲ್ಲಿ ಅವನಿಗೆ ಅಕ್ಕ ಕಾಣಲಿಲ್ಲ. ಎತ್ತಿದ ಬಡಿಗೆಯನ್ನು ಇಳಿಸದೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದ.

ನೀಲಾ ಮುಂದಕ್ಕೆ ನುಗ್ಗಹೋದಳು. ಹಿಂದಿನಿಂದ ಶಾಂತವ್ವ ಅವಳ ತೋಳು ಹಿಡಿದು ತಡೆದಳು.

“ಸಾವಕಾಶ ಹೋಗ, ಯವ್ವಾ,” ಎಂದಳು ಮೆಲ್ಲಗೆ. “ಹುಡುಗ ಭಾಳ ಅಂಜ್ಯಾನ.”