ಉಸಿರುಗನ್ನಡಿಯ ಒಂದು ಗೆರೆ

ಕಡೇಕೊಪ್ಪದ ಶಾಲೆಯ ಬಾಗಿಲಲ್ಲಿ ಇಪ್ಪತ್ತೊಂಬತ್ತು ಮಕ್ಕಳು ಸಾಲಾಗಿ ನಿಂತು, ಒಬ್ಬೊಬ್ಬರಾಗಿ ಗೋಡೆಯ ಗಾಜಿನ ಮೇಲೆ ‘ಹಾ’ ಎಂದು ಉಸಿರು ಬಿಡುತ್ತಿದ್ದರು. ಗಾಜು ಮಬ್ಬಾಗುವುದು, ಮೂರು ಎಣಿಸುವಷ್ಟರಲ್ಲಿ ಆರುವುದು. ಆರಿದ ಮೇಲೆ ಬೆಳ್ಳಗಿದ್ದರೆ ಮಗು ತರಗತಿಗೆ, ಕೆಂಪು ಮೂಡಿದರೆ ಮನೆಗೆ. ಜನ ಅದಕ್ಕೆ ಉಸಿರುಗನ್ನಡಿ ಎಂದು ಹೆಸರಿಟ್ಟಿದ್ದರು. ೨೦೬೧ರ ಮಾಘಮಾಸದ ಆ ಬೆಳಿಗ್ಗೆ ಇಪ್ಪತ್ತೊಂಬತ್ತು ಸಲವೂ ಗಾಜು ಬೆಳ್ಳಗೇ ಉಳಿಯಿತು. ಸಾಲಿನಲ್ಲಿ ಹನ್ನೊಂದನೆಯವಳು ಆರು ವರ್ಷದ ಇಂಚರಾ. ಅವಳಿಗೆ ಗಂಟಲು ನೋಯುತ್ತಿತ್ತು. ಕನ್ನಡಿ ಏನೂ ಇಲ್ಲವೆಂದ ಮೇಲೆ ನೋವಿನ ಮಾತು ಯಾರು ಕೇಳುತ್ತಾರೆ? ಅವಳು ಒಳಗೆ ಹೋಗಿ ಗೆಳತಿಯರ ನಡುವೆ ಕೂತಳು.

ಕನ್ನಡಿಯನ್ನು ಕಂಡುಹಿಡಿದವಳು ಹುಬ್ಬಳ್ಳಿಯ ವೈದ್ಯವಿಜ್ಞಾನಿ ಮೇದಿನಿ ಹಂಪಣ್ಣವರ. ಗಂಟಲುಮಾರಿ, ಅಂದರೆ ಡಿಫ್ತೀರಿಯಾ, ಕೆಮ್ಮು ಸೀನುಗಳ ಹನಿಯಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುವ ರೋಗ. ರೋಗಾಣು ಗಂಟಲಲ್ಲೇ ಬಿಡಾರ ಹೂಡುತ್ತದೆ. ಕೊಲ್ಲುವುದು ಅದು ಸ್ರವಿಸುವ ವಿಷ. ಆ ವಿಷ ರಕ್ತದಲ್ಲಿ ಹರಿದು ಹೃದಯವನ್ನೂ ನರಗಳನ್ನೂ ಹಿಡಿಯುತ್ತದೆ. ಗುಂಡುಕಲ್ಲಿನಂತೆ ಓಡಾಡಿಕೊಂಡಿರುವವರ ಗಂಟಲಲ್ಲೂ ಅದು ಅಡಗಿರಬಹುದು. ಈ ವಿಷದ ಕಣ ಬಂದು ಅಂಟಿಕೊಳ್ಳುವಂಥ ತೆಳುವಾದ ಲೇಪವನ್ನು ಮೇದಿನಿ ಗಾಜಿಗೆ ಬಳಿದಿದ್ದಳು. ಎಷ್ಟು ಅಂಟಿತೆಂದು ಗಾಜಿನ ಹಿಂದಿದ್ದ ಯಂತ್ರ ಅಳೆದು ಬಣ್ಣ ತೋರಿಸುತ್ತಿತ್ತು.

ರೋಗ ಎಲ್ಲಿದೆಯೆಂದು ಕಣ್ಣಿಗೇ ಕಾಣುವಾಗ ಎಲ್ಲ ಮಕ್ಕಳಿಗೂ ಸೂಜಿ ಚುಚ್ಚುವುದೇಕೆ ಎಂಬ ಮಾತು ಹುಟ್ಟಿತು. ಹಸುಗೂಸಿನ ಮೂರು ಲಸಿಕೆ ಉಳಿಸಿ, ಒಂದೂವರೆ, ಐದು, ಹತ್ತು, ಹದಿನಾರನೆಯ ವರ್ಷದವನ್ನು ಸರ್ಕಾರ ಕೈಬಿಟ್ಟಿತು. ಲಸಿಕೆ ಕಲಿಸಿದ ಪಾಠವನ್ನು ಮೈ ನಿಧಾನವಾಗಿ ಮರೆಯುತ್ತದೆ, ಆಗಾಗ ನೆನಪಿಸಬೇಕು. ಇದು ಮೇದಿನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಆಗ ಊರೂರಲ್ಲಿ ಅವಳಿಗೆ ಸನ್ಮಾನ ನಡೆಯುತ್ತಿತ್ತು. ಶಾಲು ಹೊದ್ದ ಹೆಗಲು ಸುಮ್ಮನಿತ್ತು.

ಕಡೇಕೊಪ್ಪದಲ್ಲಿ ಕನ್ನಡಿ ಹಾಕಿದ ದಿನ ಎದ್ದು ನಿಂತು ಕೇಳಿದವಳು ಫಕ್ಕೀರವ್ವ ಒಬ್ಬಳೇ. ಆಶಾ ಕಾರ್ಯಕರ್ತೆಯಾಗಿ ಮನೆಮನೆ ತಿರುಗಿ, ಬೈಸಿಕೊಂಡು, ಮಕ್ಕಳನ್ನು ಲಸಿಕೆಗೆ ಎಳೆದು ತರುತ್ತಿದ್ದವಳು ಅವಳು. “ಕನ್ನಡಿ ನೋಡಿಕೊಂಡ್ರ ಮುಖ ತೊಳದಂಗ ಆಗ್ತೈತೇನ್ರಿ ಮೇಡಮ್ಮಾರ?” ಎಂದಿದ್ದಳು. ಸಭೆ ನಕ್ಕಿತು. ಮೇದಿನಿಯೂ ನಕ್ಕಳು.

ಆ ಊರು ಮೆಣಸಿನಕಾಯಿಯ ಊರು. ಸುಗ್ಗಿಯಲ್ಲಿ ಅಂಗಳವೆಲ್ಲ ಕೆಂಪು, ಘಾಟಿಗೆ ಊರಿಗೆ ಊರೇ ಕೆಮ್ಮುತ್ತದೆ. ಮೊದಲ ವರ್ಷವೇ ಆ ಘಾಟಿನ ಪುಡಿ ಲೇಪಕ್ಕೆ ಅಂಟಿ ಕನ್ನಡಿ ಸುಮ್ಮಸುಮ್ಮನೆ ಕೆಂಪಾಗತೊಡಗಿತು. ಒಂದೇ ತಿಂಗಳಲ್ಲಿ ನಾಲ್ಕು ಸಲ ಶಾಲೆ ಮುಚ್ಚಿದರು. ಪರೀಕ್ಷಿಸಿದರೆ ಯಾವ ಮಗುವಿಗೂ ಏನೂ ಇಲ್ಲ. ಕೆಲಸ ಬಿಟ್ಟು ಓಡಿಬಂದ ತಾಯಂದಿರು ಕನ್ನಡಿಗೆ ಹಿಡಿಶಾಪ ಹಾಕಿದರು. ಆಗ ಮೇದಿನಿ ಹುಬ್ಬಳ್ಳಿಯಲ್ಲಿ ಕೂತಲ್ಲಿಂದಲೇ, ಈ ಊರಿನ ಕನ್ನಡಿ ಕೆಂಪಾಗುವ ಮಟ್ಟವನ್ನು ಒಂದು ಗೆರೆ ಮೇಲೇರಿಸಿದಳು. ಕನ್ನಡಿ ತೆಪ್ಪಗಾಯಿತು, ಊರಿಗೂ ನೆಮ್ಮದಿಯಾಯಿತು.

ಇಂಚರಾ ಇದೇ ಫಕ್ಕೀರವ್ವನ ಮಗಳ ಮಗಳು. ತಾಯಿ ರೇಖಾ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದವಳು. ಮಗಳು ಗಂಟಲುನೋವು ಎಂದಾಗ, ಘಾಟು ಹತ್ತಿದೆ ಎಂದು ಬೆಲ್ಲ ತುಪ್ಪ ನೆಕ್ಕಿಸಿ ಶಾಲೆಗೆ ಕಳಿಸಿದ್ದಳು. ಆ ಊರಿನ ಯಾವ ತಾಯಿಯಾದರೂ ಅದನ್ನೇ ಮಾಡುತ್ತಿದ್ದಳು. ನೆಂಟರೂರಿಗೆ ಹೋಗಿದ್ದ ಫಕ್ಕೀರವ್ವ ಮೂರನೆಯ ದಿನ ಮರಳಿ ಬಂದು, ಮಗುವಿನ ಬಾಯಿ ತೆಗೆಸಿ ಬ್ಯಾಟರಿ ಬಿಟ್ಟಳು. ಗಂಟಲ ಎರಡೂ ಕಡೆ ಬೂದುಬಣ್ಣದ ಪೊರೆ ಕಟ್ಟಿತ್ತು, ಕುತ್ತಿಗೆ ಬಾತಿತ್ತು. ಪ್ರಾಯದಲ್ಲಿ ಒಮ್ಮೆ ಅವಳು ಅದನ್ನು ಕಂಡಿದ್ದಳು. ಮಗುವನ್ನು ಆಸ್ಪತ್ರೆಗೆ ಹೊತ್ತೊಯ್ದು, ಅಲ್ಲಿಂದಲೇ ಮೇದಿನಿಗೆ ಫೋನು ಮಾಡಿದಳು.

ಮಧ್ಯಾಹ್ನದ ಹೊತ್ತಿಗೆ ಮೇದಿನಿ ಬಂದಳು. ಹತ್ತಿಯಿಂದ ಪೊರೆಯ ಅಂಚು ಮುಟ್ಟಿದಳು, ರಕ್ತ ಒಸರಿತು. ಗಂಟಲುಮಾರಿಯೇ, ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ.

“ದಿನಾ ನಿಮ್ಮ ಕನ್ನಡಿ ಮುಂದ ನಿಂತಾಳ್ರಿ,” ಎಂದಳು ಫಕ್ಕೀರವ್ವ. “ಒಳಗ ಹೋಗವಾ ಅಂತ ದಿನಾ ಅದ ಕಳಿಸೇತಿ.”

“ತಪ್ಪು ಕನ್ನಡೀದಲ್ರಿ,” ಎಂದಳು ಮೇದಿನಿ. “ನಂದು.” ಆ ಒಂದು ಗೆರೆಯ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಫಕ್ಕೀರವ್ವ ಬೈಯಲಿಲ್ಲ. ಔಷಧಿ ಎಲ್ಲಿದೆ ಎಂದಷ್ಟೇ ಕೇಳಿದಳು.

ಪ್ರತಿಜೀವಕ ಔಷಧಿ ರೋಗಾಣುವನ್ನು ಕೊಲ್ಲುತ್ತದೆ. ಆಗಲೇ ರಕ್ತಕ್ಕಿಳಿದ ವಿಷವನ್ನಲ್ಲ. ಅದಕ್ಕೆ ಪ್ರತಿವಿಷ ಬೇಕು, ಅದನ್ನೂ ವಿಷ ಅಂಗಾಂಗಕ್ಕೆ ಅಂಟುವ ಮುನ್ನ ಕೊಡಬೇಕು. ಪ್ರತಿವಿಷ ಬರುತ್ತಿದ್ದದ್ದು ಇದಕ್ಕೆಂದೇ ಸಾಕಿದ ಕುದುರೆಗಳ ರಕ್ತದಿಂದ. ಕೇಳುವವರಿಲ್ಲವೆಂದು ಎಂಟು ವರ್ಷದ ಹಿಂದೆಯೇ ಆ ಲಾಯ ಮುಚ್ಚಿತ್ತು. ಕೊನೆಯ ಕುದುರೆಗೆ ಹಾರ ಹಾಕಿ ಬೀಳ್ಕೊಟ್ಟವಳು ಮೇದಿನಿಯೇ. ಆ ಫೋಟೋ ಅವಳ ಕಚೇರಿಯ ಗೋಡೆಯ ಮೇಲಿತ್ತು. ಈಗ ಅವಳು ದೇಶವೆಲ್ಲ ಫೋನು ಮಾಡಿದಳು. ಎಲ್ಲೂ ಒಂದು ಸೀಸೆಯೂ ಇರಲಿಲ್ಲ. ಹೊರದೇಶದಿಂದ ಎರಡು ಸೀಸೆ ಬಂದು ತಲುಪುವಷ್ಟರಲ್ಲಿ ಆರು ದಿನ ಕಳೆದಿತ್ತು, ಆದರೂ ಕೊಟ್ಟರು.

ಅಷ್ಟರಲ್ಲಿ ಪೊರೆ ಕಳಚಿ ಇಂಚರಾ ಗಂಜಿ ಕುಡಿಯತೊಡಗಿದ್ದಳು. ರೇಖಾ ನಕ್ಕಳು, ದೇವರಿಗೆ ಹರಕೆ ಹೊತ್ತಳು. ಮೇದಿನಿ ಮಾತ್ರ ದಿನವೂ ಮಗುವಿನ ಎದೆಗೆ ಕಿವಿಗೊಟ್ಟು ಕೇಳುತ್ತಿದ್ದಳು. ಹತ್ತನೆಯ ದಿನ ಬಡಿತ ಎಡವಿತು. ಹನ್ನೆರಡನೆಯ ದಿನ, ಜಡೆ ಹಾಕಿಸಿಕೊಳ್ಳಲು ಎದ್ದು ಕೂತ ಇಂಚರಾ ಅಜ್ಜಿಯ ಮಡಿಲಿಗೆ ಒರಗಿದಳು. ಮತ್ತೆ ಏಳಲಿಲ್ಲ.

ಮೇದಿನಿ ಕನ್ನಡಿಯ ಗೆರೆಯನ್ನು ತಾನು ಊರಿಗೆ ಬಂದ ದಿನವೇ ಕೆಳಗಿಳಿಸಿದ್ದಳು. ಉಳಿದ ಇಪ್ಪತ್ತೆಂಟು ಮಕ್ಕಳಲ್ಲಿ ಹದಿನೇಳು ಮಕ್ಕಳ ಉಸಿರಿಗೆ ಗಾಜು ಕೆಂಪಾಯಿತು. ಅದರಲ್ಲಿ ಘಾಟೆಷ್ಟು, ವಿಷವೆಷ್ಟು ಎಂದು ಹೇಳಲು ಕನ್ನಡಿಗೆ ಬರುವುದಿಲ್ಲ. ಎಲ್ಲರಿಗೂ ಮಾತ್ರೆ ಕೊಟ್ಟರು. ಲಸಿಕೆಗೆ ಬರೆದು ಕಳಿಸಿದರು. ಪಕ್ಕದ ಊರಿಂದಲೂ ಗಂಟಲುನೋವಿನ ಸುದ್ದಿ ಬರತೊಡಗಿತ್ತು.

ಮಣ್ಣು ಮಾಡಿದ ಮೂರನೆಯ ದಿನ ಮೇದಿನಿ ಇಂಚರಾಳ ಮನೆಗೆ ಹೋದಾಗ, ಫಕ್ಕೀರವ್ವ ಟ್ರಂಕಿನಿಂದ ಎರಡು ತಾಯಿ ಕಾರ್ಡು ತೆಗೆದು ಮುಂದಿಟ್ಟಳು. ಮಕ್ಕಳ ಲಸಿಕೆ ಬರೆದಿಡುವ ಕಾರ್ಡುಗಳು ಅವು. ಒಂದು ರೇಖಾಳದು, ೨೦೩೦ರದು. ಅದರ ಪ್ರತಿ ಚೌಕದಲ್ಲೂ ಫಕ್ಕೀರವ್ವನದೇ ಕೈಬರಹದ ತಾರೀಖು ಇತ್ತು. ಇನ್ನೊಂದು ಇಂಚರಾಳದು. ಮೂರು ಚೌಕದ ನಂತರ ಬರೀ ಬಿಳಿ ಕಾಗದ.

“ಊರ ಮಕ್ಕಳಿಗೆಲ್ಲಾ ಬರದ ಕೈ ಇದು,” ಎಂದಳು ಫಕ್ಕೀರವ್ವ. “ನನ್ನ ಕೂಸಿಗೆ ಬರೀಬೇಕಂದ್ರ ಇದರಾಗ ಚೌಕಾನ ಇಲ್ಲ. ಎಲ್ಲಿ ಬರೀಲ್ರಿ?”

ಮೇದಿನಿ ಇಂಚರಾಳ ಕಾರ್ಡನ್ನು ಕೈಗೆತ್ತಿಕೊಂಡಳು. ಈ ಕಥೆಯೆಲ್ಲ ಇನ್ನೂ ಎಷ್ಟೋ ವರ್ಷ ಮುಂದಿನ ಮಾತು. ರೇಖಾಳದಂಥ ಕಾರ್ಡು ಈ ಹೊತ್ತು ನಮ್ಮ ನಿಮ್ಮ ಮನೆಯ ಕಪಾಟಿನಲ್ಲಿ, ಸೀರೆಯ ಮಡಿಕೆಯ ಕೆಳಗೆಲ್ಲೋ ಬಿದ್ದಿದೆ. ಅದರಲ್ಲಿ ಐದನೆಯ ವರ್ಷದ ಚೌಕ ಇನ್ನೂ ಅಚ್ಚಾಗಿದೆ. ತಾರೀಖು ಬರೆದಿದೆಯೋ ಇಲ್ಲವೋ, ತೆಗೆದು ನೋಡಬೇಕು.