ಗೋಡೆಯಾಚೆಯ ಸಬ್‌ವೂಫರ್

"ನಿಮ್ಮ ಅಂಗಡಿಯವರು ನಂಗೆ ದೆವ್ವ ಮಾರಿದಾರೆ," ಎನ್ನುತ್ತ ಆ ಮನುಷ್ಯ ಪುಟ್ಟ ಕಪ್ಪು ಡಬ್ಬಿಯೊಂದನ್ನು ನನ್ನ ಕೌಂಟರಿನ ಮೇಲಿಟ್ಟ.

ಮಂಗಳವಾರ, ಮಧ್ಯಾಹ್ನ ಎರಡು ಗಂಟೆ. ನೀಶ್ ಪಟ್ಟಣದ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರಲ್ಲಿ ರಿಪೇರಿ ಕೌಂಟರು ನನ್ನದು. ಜನರ ದೂರು ಕೇಳುವುದೇ ಹೊಟ್ಟೆಪಾಡು. ಆದರೆ ಇಷ್ಟು ಚೆಂದದ ಹುಬ್ಬು ಗಂಟಿಕ್ಕಿಕೊಂಡು ಯಾರೂ ದೂರು ಕೊಟ್ಟಿರಲಿಲ್ಲ.

"ದೆವ್ವಕ್ಕೆ ಗ್ಯಾರಂಟಿ ಎರಡು ವರ್ಷ," ಎಂದೆ. "ಏನು ಮಾಡುತ್ತೆ?"

"ನಾನು ಸಿನಿಮಾ ಹಾಕಿದ್ರೆ ಸಬ್‌ವೂಫರ್ ಉಸಿರೇ ಬಿಡಲ್ಲ. ಟಿವಿ ಆಫ್ ಮಾಡಿ ಕೂತಿರ್ತೀನಿ, ಸಂಜೆ ಎಂಟಾಯ್ತು ಅಂದ್ರೆ ತಾನೇ ಶುರು ಮಾಡುತ್ತೆ. ಧುಮ್, ಧುಮ್, ಧುಮ್. ಮುಕ್ಕಾಲು ಗಂಟೆ! ನಮ್ಮ ತಾತ ಕಾಲೆತ್ತಿ ಸೋಫಾ ಮೇಲಿಟ್ಕೊಂಡು ಕೂತಿದ್ರು."

ಸಂಜೆ ಎಂಟಕ್ಕೆ ನಾನು ನನ್ನ ಧಾರಾವಾಹಿ ನೋಡುತ್ತೇನೆ. ಮುಕ್ಕಾಲು ಗಂಟೆ.

ಮೊನ್ನೆ ಭಾನುವಾರ ನಾನೂ ಇಂಥದೇ ಒಂದು ಸೆಟ್ಟು ಮನೆಗೆ ಒಯ್ದಿದ್ದೆ. ಎರಡು ಡಬ್ಬಿ: ಟ್ರಾನ್ಸ್‌ಮಿಟರ್ ಟಿವಿ ಬಳಿಯ ಆಂಪ್ಲಿಫೈಯರಿಗೆ, ರಿಸೀವರ್ ಸೋಫಾ ಹಿಂದಿನ ಸಬ್‌ವೂಫರಿಗೆ. ಕಾರ್ಪೆಟ್ಟಿನ ಮೇಲೆ ವೈರು ಎಳೆಯುವ ಗೋಜಿಲ್ಲ. ಎರಡೇ ದಿನಕ್ಕೆ ನನ್ನ ಸಬ್‌ವೂಫರ್ ಕೂಡ ಹುಚ್ಚಾಟ ಶುರುಮಾಡಿತ್ತು. ನನ್ನ ಟಿವಿಗೆ ಮೌನ, ಸಂಜೆ ಐದಕ್ಕೆ ಮಾತ್ರ ಎಲ್ಲಿಂದಲೋ ಕುದುರೆ ಓಡಿದ ಸದ್ದು. ಊರಿನವರ ಸಾಮಾನು ರಿಪೇರಿ ಮಾಡುವವಳಿಗೆ ಸ್ವಂತದ್ದನ್ನು ನೋಡಲು ಪುರುಸೊತ್ತಿರಲಿಲ್ಲ.

ಅವನು ತಂದಿದ್ದ ರಿಸೀವರ್ ಡಬ್ಬಿ ತಿರುಗಿಸಿದೆ. ತಳದ ಚೀಟಿಯಲ್ಲಿದ್ದ ನಂಬರು ನನ್ನ ಮನೆಯ ಟ್ರಾನ್ಸ್‌ಮಿಟರಿನದು.

ಈ ಡಬ್ಬಿಗಳು ಕಾರ್ಖಾನೆಯಿಂದಲೇ ಜೋಡಿಯಾಗಿ ಬರುತ್ತವೆ. ತನ್ನ ನಂಬರಿನ ಸಂಗಾತಿ ಹೇಳಿದ್ದಷ್ಟೇ ಕೇಳುತ್ತವೆ, ಪಕ್ಕದಲ್ಲಿ ಬೇರೆಯವರು ಕಿರುಚಿದರೂ ಕಿವಿಗೊಡುವುದಿಲ್ಲ. ಸ್ಟಾಕ್ ನೋಡುವ ದಿನ ಎರಡು ಪೆಟ್ಟಿಗೆ ಬಿಚ್ಚಿ ಪರೀಕ್ಷಿಸಿದವಳು ನಾನು. ಆಗಲೇ ಜೊತೆಗೆ ಕೆಲಸ ಮಾಡುವ ಗೊರಿತ್ಸಾ ಕಾಫಿ ಆರುತ್ತೆ ಎಂದು ಕೂಗಿದ್ದಳು. ಅವಸರದಲ್ಲಿ ಡಬ್ಬಿಗಳನ್ನು ಅದಲುಬದಲು ತುಂಬಿದವಳೂ ನಾನೇ. ಒಂದನ್ನು ನಾನು ಕೊಂಡೆ, ಇನ್ನೊಂದನ್ನು ಇವನು.

"ಹೆಸರು, ಕೆಲಸ, ವಿಳಾಸ ಬರೀರಿ," ಎಂದು ಚೀಟಿ ತಳ್ಳಿದೆ.

ರೇಲ್ಯಾ. ಭೂಗೋಳದ ಮೇಷ್ಟ್ರು. ನಮ್ಮದೇ ಬೀದಿ, ನಮ್ಮದೇ ಕಟ್ಟಡ, ನಾಲ್ಕನೇ ಮಹಡಿ. ಮೆಟ್ಟಿಲು, ಬೀದಿಬಾಗಿಲು ಮಾತ್ರ ಬೇರೆ. ನನ್ನದು ಎರಡನೇ ಮೆಟ್ಟಿಲಸಾಲು, ಅವನದು ಮೂರನೆಯದು.

ನಮ್ಮಲ್ಲಿ ನೆರೆಯವರೆಂದರೆ ಒಂದೇ ಮೆಟ್ಟಿಲು ಹತ್ತುವವರು. ಅವರ ಮದುವೆ, ಸಾವು, ಉಪ್ಪಿನಕಾಯಿ ಎಲ್ಲ ನಮಗೆ ಗೊತ್ತು. ಗೋಡೆಗೆ ಬೆನ್ನು ಹಚ್ಚಿ ಮಲಗುವವನು ಪಕ್ಕದ ಮೆಟ್ಟಿಲಿನವನಾದರೆ ಅವನು ಬೇರೆ ದೇಶದವನಿದ್ದಂತೆ. ಆರು ವರ್ಷದಿಂದ ಈ ಹುಬ್ಬು ನನ್ನ ಸೋಫಾದಿಂದ ಎರಡು ಗೇಣು ದೂರದಲ್ಲಿತ್ತು, ನನಗೆ ಗೊತ್ತೇ ಇರಲಿಲ್ಲ!

ಆಗಲೇ ಹೇಳಬೇಕಿತ್ತು. 'ತಪ್ಪು ನನ್ನದು, ಸಂಜೆ ಬದಲಾಯಿಸಿಕೊಡ್ತೀನಿ' ಅಂದಿದ್ದರೆ ಮುಗಿಯುತ್ತಿತ್ತು. ಮುಗಿಯುತ್ತಿತ್ತು ಎಂಬುದೇ ತೊಂದರೆಯಾಯಿತು. ಮೊದಲು ಬಾಯಿ ಕಟ್ಟಿದ್ದು ನಾಚಿಕೆ. ಆಮೇಲೆ ಅವನು ನನ್ನ ಕಡೆ ನೋಡಿ, ಅರ್ಧ ನಕ್ಕು, "ನೀವು ದೆವ್ವ ನಂಬ್ತೀರಾ?" ಅಂದ.

"ಬೆಲ್‌ಗ್ರೇಡ್‌ನಿಂದ ಒಂದು ಬಿಡಿಭಾಗ ಬರಬೇಕು," ಎಂದುಬಿಟ್ಟೆ. "ಅಲ್ಲೀವರೆಗೂ ಹೀಗೇ ಬಳಸ್ತಾ ಇರಿ. ಮುಂದಿನ ವಾರ ಬನ್ನಿ."

ರಾಜಧಾನಿ ಬೆಲ್‌ಗ್ರೇಡ್‌ನಿಂದ ಭಾಗ ಬರಬೇಕು ಎಂದರೆ ನಮ್ಮೂರಲ್ಲಿ ಯಾರೂ ಮರುಪ್ರಶ್ನೆ ಕೇಳುವುದಿಲ್ಲ.

ಅಂದು ಸಂಜೆ ಐದಕ್ಕೆ ಸೋಫಾ ಮೇಲೆ ಕೂತು ಕಾದೆ. ಸಬ್‌ವೂಫರಿಗೆ ಮಾತು ಬಾರದು. ತಳದ ಗುಡುಗೊಂದೇ ಅದರ ಪಾಲು. ಮೊದಲು ಮಳೆ, ಆಮೇಲೆ ಫಿರಂಗಿ. ಮಧ್ಯದಲ್ಲಿ ನಿಂತಿತು, ಹಿಂದಕ್ಕೆ ಹೋಯಿತು, ಅದೇ ಫಿರಂಗಿ ಮತ್ತೆ. ತಾತನಿಗೆ ಬೇಕೆಂದು ಮತ್ತೆ ಹಾಕಿರಬೇಕು ಅಂದುಕೊಂಡೆ. ಎಂಟು ಗಂಟೆಗೆ ನನ್ನ ಟಿವಿ ಹಾಕುವ ಮೊದಲು ಕೂದಲು ಬಾಚಿಕೊಂಡೆ. ಯಾರಿಗೆ ಕಾಣಬೇಕಿತ್ತೋ!

ಮುಂದಿನ ಮಂಗಳವಾರ ಗೊರಿತ್ಸಾ ಮೊಣಕೈಯಿಂದ ತಿವಿದಳು. "ಲೇ ಸೆಂಕಾ, ನಿನ್ನ ದೆವ್ವದ ಗಿರಾಕಿ. ಕೆನ್ನೆಗೆ ಏನು ಬಳ್ಕೊಂಡಿದೀಯೇ? ಟೊಮೇಟೊ ಆಗಿದೆ."

"ಭಾಗ ಬಂತಾ?" ಅವನು ಕೇಳಿದ.

"ಇಲ್ಲ. ದೆವ್ವ ಹೇಗಿದೆ?"

ಅವನು ಕೌಂಟರಿನ ಮೇಲೆ ಬಾಗಿ ಗುಟ್ಟು ಹೇಳುವವನಂತೆ ದನಿ ತಗ್ಗಿಸಿದ. "ಅದು ದೆವ್ವ ಅಲ್ಲ ಅನ್ಸುತ್ತೆ. ಯಾರದೋ ಮನೆಯಿಂದ ಬರ್ತಿದೆ. ಹೆಂಗಸು."

"ಅದು ಹೇಗೆ ಗೊತ್ತು?"

"ಜಾಹೀರಾತು ಬಂದ ತಕ್ಷಣ ಸದ್ದು ನಿಲ್ಲಿಸ್ತಾಳೆ. ಗಂಡಸರಿಗೆ ಅಷ್ಟು ತಾಳ್ಮೆ ಎಲ್ಲಿ? ನಮ್ಮ ಮೆಟ್ಟಿಲಿನ ಇಪ್ಪತ್ತು ಬಾಗಿಲೂ ತಟ್ಟಿ ಬಂದೆ ಗೊತ್ತಾ? ಹತ್ತು ಮನೇಲಿ ಕಾಫಿ, ಮೂರು ಮನೇಲಿ ಮದುವೆ ಪ್ರಸ್ತಾಪ. ಅವಳು ಮಾತ್ರ ಸಿಗಲಿಲ್ಲ."

ಪಕ್ಕದ ಮೆಟ್ಟಿಲಿಗೆ ಹೋಗಬೇಕೆಂದು ಅವನಿಗೆ ತೋಚಿರಲಿಲ್ಲ. ನಮ್ಮವರಾರಿಗೂ ತೋಚುವುದಿಲ್ಲ.

"ಸಿಕ್ಕಿದ್ರೆ ಏನು ಮಾಡ್ತೀರಿ? ಬಯ್ತೀರಾ?"

"ಮೊದಲು ಬಯ್ಯೋಣ ಅಂತಿದ್ದೆ," ಎಂದು ಅವನು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. "ಈಗ ಎಂಟು ಗಂಟೆ ಯಾವಾಗ ಆಗುತ್ತೋ ಅಂತ ಕಾಯ್ತೀನಿ."

ನನ್ನ ಎದೆಯಲ್ಲೇ ಸಬ್‌ವೂಫರ್ ಶುರುವಾಯಿತು. ಆ ವಾರವಿಡೀ ಜಾಹೀರಾತು ಬಂದಾಗಲೆಲ್ಲ ಸದ್ದು ನಿಲ್ಲಿಸಿ, ಅವನು ಈಗ ನಗುತ್ತಿರಬಹುದು ಎಂದು ನಾನೂ ನಗುತ್ತಿದ್ದೆ.

ಅದರ ಮುಂದಿನ ಸೋಮವಾರ ಅವನು ಬಂದಾಗ ಮುಖದಲ್ಲಿ ತಮಾಷೆಯಿರಲಿಲ್ಲ.

"ಒಂದು ಸಹಾಯ ಬೇಕಿತ್ತು. ಈ ಶನಿವಾರ ನಮ್ಮ ತಾತಂಗೆ ಎಂಬತ್ತೈದು. ಮೂವತ್ತೆಂಟು ವರ್ಷ ರೈಲು ಎಂಜಿನ್ ಓಡಿಸಿದವರು. ಆ ಸದ್ದೇ ಕಿವಿ ತಿಂದುಹಾಕ್ತು, ಈಗ ಕೂಗಿದ್ರೂ ಕೇಳಲ್ಲ. ಕಾಲ ಕೆಳಗೆ ನೆಲ ನಡುಗಿದ್ರೆ ಮಾತ್ರ ತಿಳಿಯುತ್ತೆ. ಅವರು ಓಡಿಸ್ತಿದ್ದ ಜಾತಿ ಎಂಜಿನ್ ಇನ್ನೂ ಒಂದು ಯಾರ್ಡಲ್ಲಿದೆ. ಹೋಗಿ ರೆಕಾರ್ಡ್ ಮಾಡ್ಕೊಂಡು ಬಂದಿದೀನಿ. ಸಬ್‌ವೂಫರ್ ತಗೊಂಡಿದ್ದೇ ಅದಕ್ಕೆ."

ನಾನು ಅವನ ಕಣ್ಣು ತಪ್ಪಿಸಿದೆ. ಪ್ರತಿ ಸಂಜೆ ಆ ಮುದುಕ ಸದ್ದಿಲ್ಲದ ನೆಲದ ಮೇಲೆ ಕಾಲಿಟ್ಟು ಕೂತಿದ್ದರೆ, ಅವರ ಪಾಲಿನ ಗುಡುಗನ್ನೆಲ್ಲ ನಾನು ಸೋಫಾ ಮೇಲೆ ಕಾಲು ಚಾಚಿ ಅನುಭವಿಸುತ್ತಿದ್ದೆ.

"ಶುಕ್ರವಾರ ಬನ್ನಿ," ಎಂದೆ. "ಭಾಗ ಬಂದಿರುತ್ತೆ. ಆಣೆ."

ಹೋಗುವವನು ಬಾಗಿಲಲ್ಲಿ ತಿರುಗಿದ. "ಮೊನ್ನೆ ಗುರುವಾರ ಅವಳು ಒಂದೇ ಹಾಡು ಒಂಬತ್ತು ಸಲ ಹಾಕಿದ್ಲು. ಕುಣಿಯೋ ಹಾಡು, ತಾಳ ಗೊತ್ತಾಗುತ್ತೆ. ಆದ್ರೆ ಖುಷಿಯಲ್ಲಿ ಅಲ್ಲ. ಖುಷಿಯಲ್ಲಿರೋರು ನಾಲ್ಕು ಸಲಕ್ಕೆ ಸುಸ್ತಾಗಿ ನಿಲ್ಲಿಸ್ತಾರೆ. ಆ ಪೆಟ್ಟಿಗೆ ಮೇಲೆ ಕೈಯಿಟ್ಟು ಮುಗಿಯೋವರೆಗೂ ಕೂತಿದ್ದೆ. ಇನ್ನೇನು ಮಾಡೋದು, ಹೇಳಿ?"

ಗುರುವಾರ ನನ್ನ ಹುಟ್ಟುಹಬ್ಬವಾಗಿತ್ತು. ಮೂವತ್ತನಾಲ್ಕು. ಬರುತ್ತೇನೆ ಎಂದವರು ಯಾರೂ ಬಂದಿರಲಿಲ್ಲ. ಒಬ್ಬಳೇ ಕುಣಿದಿದ್ದೆ. ಒಬ್ಬಳೇ ಎಂದುಕೊಂಡಿದ್ದೆ. ನಾನು ಒಳಕೋಣೆಗೆ ಹೋಗಿ, ಡಬ್ಬಿಗಳ ಮಧ್ಯೆ ಕೂತು, ಮನಸಾರೆ ಅತ್ತೆ.

ಅವನನ್ನು ಪ್ರೀತಿಸುತ್ತಿದ್ದೇನೆಂದು ಆಗ ಸ್ಪಷ್ಟವಾಯಿತು. ಸುಳ್ಳು ಎರಡು ವಾರದಷ್ಟು ಬೆಳೆದಿದೆಯೆಂದೂ ಸ್ಪಷ್ಟವಾಯಿತು. ನಿಜ ಹೇಳಿದರೆ ನನ್ನ ಮುಖ ನೋಡುವನೇ? ಹೇಳದಿದ್ದರೆ, ಡಬ್ಬಿ ಸರಿಯಾದ ಮೇಲೆ ಈ ಕೌಂಟರಿಗೆ ಯಾಕೆ ಬರುವನು?

ಹೇಡಿಗಳಿಗೆ ಯಾವಾಗಲೂ ಒಂದು ಹಿತ್ತಿಲ ಬಾಗಿಲಿರುತ್ತದೆ. ಶುಕ್ರವಾರ ನನ್ನ ಮನೆಯ ರಿಸೀವರನ್ನು ಕೈಚೀಲದಲ್ಲಿ ತಂದೆ. ಅವನದನ್ನು ಇಸಿದುಕೊಂಡು ಒಳಗೆ ಹೋಗಿ, ಹತ್ತು ನಿಮಿಷ ಗೋಡೆ ನೋಡುತ್ತ ನಿಂತು, ನನ್ನದನ್ನು ಅವನ ಕೈಗಿತ್ತೆ.

"ಸರಿಹೋಯ್ತಾ?"

"ಸರಿಹೋಯ್ತು."

ನಮ್ಮಿಬ್ಬರ ನಡುವೆ ಒಂದು ಮುಗಿದ ದೂರು ಬಿದ್ದಿತ್ತು. "ತಾತಂಗೆ ಶುಭಾಶಯ ಹೇಳಿ," ಎಂದೆ. ಅವನು ತಲೆಯಾಡಿಸಿ ಹೊರಟುಹೋದ.

ಶನಿವಾರ ಮಧ್ಯಾಹ್ನ ಸೋಫಾ ಸರಿಸಿ, ಗೋಡೆಗೆ ಎರಡೂ ಅಂಗೈ ಒತ್ತಿ ನಿಂತೆ. ಮೊದಲು ಏನೂ ಇಲ್ಲ. ಆಮೇಲೆ ಕಾಂಕ್ರೀಟಿನೊಳಗಿಂದ ಎಂಜಿನ್ ಬಂತು. ನಿಧಾನವಾಗಿ ಎದ್ದು, ಉಸಿರು ತೆಗೆದು, ವೇಗ ಹಿಡಿಯಿತು. ಅಡುಗೆಮನೆಯಲ್ಲಿ ನನ್ನ ಲೋಟಗಳು ಗಿಲಿಗಿಲಿ ಅಂದವು. ಅದು ನಿಂತ ಮರುಕ್ಷಣ ಕಟ್ಟಡವೇ ಕೇಳುವಂತೆ ಮುದುಕರ ಕೂಗು: "ಇನ್ನೊಂದ್ಸಲ ಹಾಕೋ ರೇಲ್ಯಾ! ಇನ್ನೊಂದ್ಸಲ!"

ನಾನು ಗೋಡೆಗೆ ಹಣೆ ಹಚ್ಚಿ ನಗುತ್ತ ಅಳುತ್ತ ನಿಂತುಬಿಟ್ಟೆ. ನನ್ನ ಸಬ್‌ವೂಫರ್ ಮಾತ್ರ ಮೂಲೆಯಲ್ಲಿ ಮೂಕವಾಗಿತ್ತು.

ಸೋಮವಾರ ಎರಡು ಗಂಟೆಗೆ ಬಾಗಿಲು ತೆರೆಯಿತು. ರೇಲ್ಯಾ! ಕೈಯಲ್ಲಿ ಅದೇ ಡಬ್ಬಿ.

"ಮತ್ತೆ ಕೆಟ್ಟೋಯ್ತಾ?" ನನ್ನ ದನಿ ಎಲ್ಲೋ ಮಾಳಿಗೆಯಿಂದ ಬಂದಂತಿತ್ತು.

"ಇಲ್ಲ. ಕೆಲಸ ಮಾಡ್ತಿದೆ. ಅದೇ ಕಂಪ್ಲೇಂಟು."

ಗೊರಿತ್ಸಾ ಒರೆಸುತ್ತಿದ್ದ ಟಿವಿಯನ್ನು ಒರೆಸುವುದು ಬಿಟ್ಟು ನಿಂತಳು.

"ಶನಿವಾರ ತಾತ ಐದು ಸಲ ಹಾಕಿಸಿದ್ರು. ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ಆದ್ರೆ ಎಂಟು ಗಂಟೆಗೆ ಮನೆ ಬಿಕೋ ಅಂತಿದೆ." ಅವನು ಉಸಿರು ಎಳೆದುಕೊಂಡ. "ನಿಮ್ಮನ್ನ ಕಾಫಿಗೆ ಕರೀಬೇಕು ಅಂತ ಮೊದಲ ದಿನದಿಂದ ಅಂದ್ಕೊಂಡಿದೀನಿ. ಕರೆಯೋಕೆ ಮನಸ್ಸಾಕ್ಷಿ ಬಿಡ್ತಿಲ್ಲ. ಇನ್ನೊಬ್ಬಳು ಇದಾಳೆ. ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ, ಬರೀ ತಾಳ ಗೊತ್ತು. ನಿಮ್ಮೆದುರು ನಿಂತ್ರೆ ಅವಳಿಗೆ ಮೋಸ ಮಾಡ್ತಿದೀನಿ ಅನ್ಸುತ್ತೆ, ಅವಳ ಸದ್ದು ಕೇಳಿದ್ರೆ ನಿಮಗೆ. ಹುಚ್ಚ ಅನ್ನಿ. ಆದ್ರೆ ಮುಚ್ಚಿಟ್ಟು ಶುರು ಮಾಡೋದು ನಂಗೆ ಬೇಡ."

ಒಂದು ಸುಳ್ಳೂ ಹೇಳದ ಮನುಷ್ಯ, ಹೇಳದಿದ್ದರೂ ನಡೆಯುತ್ತಿದ್ದ ನಿಜವನ್ನು ನನ್ನ ಮುಂದೆ ಸುರಿದು ನಿಂತಿದ್ದ.

"ರೇಲ್ಯಾ, ಅವಳು ನಾನೇ."

"ಏನು?"

"ಎರಡನೇ ಮೆಟ್ಟಿಲು, ನಾಲ್ಕನೇ ಮಹಡಿ. ನಿಮ್ಮ ಗೋಡೆಯಾಚೆ. ಡಬ್ಬಿ ಅದಲುಬದಲು ಮಾಡಿದ್ದು ನಾನು. ಮೊದಲ ದಿನವೇ ಗೊತ್ತಾಯ್ತು. ಹೇಳಲಿಲ್ಲ."

"ಬೆಲ್‌ಗ್ರೇಡ್‌ನ ಭಾಗ?"

"ಅದೂ ಸುಳ್ಳು."

ಅವನ ಮುಖ ಕೆಂಪಾಯಿತು. "ಮೂರು ವಾರ! ನಾನು ಇಪ್ಪತ್ತು ಬಾಗಿಲು ತಟ್ಟಿ ಬಂದು ನಿಮ್ಮ ಹತ್ರಾನೇ ಹೇಳ್ಕೊಂಡೆ. ನಮ್ಮ ತಾತ ದಿನಾ ನೆಲ ಮುಟ್ಟಿ ಮುಟ್ಟಿ ನೋಡ್ತಿದ್ರು!"

"ಗೊತ್ತು. ನೀವು ಬರೋದು ನಿಂತುಹೋಗುತ್ತೆ ಅಂತ ಹೆದರಿದೆ. ಅಷ್ಟೇ. ಬೇರೆ ಕಾರಣ ಇಲ್ಲ."

ಅವನು ಡಬ್ಬಿ ತೆಗೆದುಕೊಂಡು ಹೊರಟುಹೋದ. ಗೊರಿತ್ಸಾ ಕಾಫಿ ತಂದಿಟ್ಟಳು. ಅದು ಆರಿತು.

ಸಂಜೆ ಏಳು. ಟಿವಿ ಹಾಕುವ ಮನಸ್ಸಿರಲಿಲ್ಲ. ಬೆಲ್ ಹೊಡೆಯಿತು. ಬಾಗಿಲು ತೆರೆದರೆ ರೇಲ್ಯಾ, ಏದುಸಿರು ಬಿಡುತ್ತ ಕಂಬಿ ಹಿಡಿದು ನಿಂತಿದ್ದ.

"ಜಗಳ ಆಡೋಕೆ ಹೊರಟೆ. ನಾಲ್ಕು ಮಹಡಿ ಇಳಿದು, ಕಟ್ಟಡ ಸುತ್ತಿ, ನಾಲ್ಕು ಮಹಡಿ ಹತ್ತೋಷ್ಟರಲ್ಲಿ ಏನು ಬಯ್ಯಬೇಕು ಅಂತಾನೇ ಮರೆತೋಯ್ತು."

"ನೆನಪಾಗೋವರೆಗೂ ಒಳಗೆ ಬನ್ನಿ."

ಅವನು ಶೂ ಬಿಚ್ಚಿಟ್ಟು, ನಾನು ಕೊಟ್ಟ ಚಿಕ್ಕ ಚಪ್ಪಲಿಯಲ್ಲಿ ಹಿಮ್ಮಡಿ ಹೊರಗಿಟ್ಟುಕೊಂಡು ಒಳಗೆ ಬಂದ. ಗೋಡೆ ನೋಡಿದ. ಸೋಫಾ ನೋಡಿದ. ಕೊನೆಗೆ ನನ್ನನ್ನು ನೋಡಿದ. ಆ ನೋಟ ನೇರ ನನ್ನ ಅಂಗಾಲಿನವರೆಗೆ ಇಳಿಯಿತು.

"ಆ ಗುರುವಾರ ಹಾಡು ಯಾಕೆ ಅಷ್ಟು ಸಲ?"

"ಹುಟ್ಟುಹಬ್ಬ. ಯಾರೂ ಬರಲಿಲ್ಲ."

"ನಾನಿದ್ದೆ," ಎಂದ ಅವನು ಮೆಲ್ಲಗೆ. ಆಮೇಲೆ ಮೊದಲ ಸಲ ಬಹುವಚನ ಬಿಟ್ಟ. "ಸೆಂಕಾ, ಇನ್ಮೇಲೆ ನಂಗೆ ಸುಳ್ಳು ಹೇಳ್ಬೇಡ. ನಿಜ ಹೇಳು. ನನ್ನ ಕಂಡ್ರೆ ನಿಂಗೆ ಇಷ್ಟಾನಾ?"

"ಹೌದು," ಎಂದೆ. ಪಿಸುದನಿಯಲ್ಲಿ.

ಅಷ್ಟರಲ್ಲಿ ಗೋಡೆ ಧಡಧಡ ಗುದ್ದಿದ ಸದ್ದು. ಆಚೆಯಿಂದ ಮುದುಕರ ದನಿ: "ಏನಂದ್ಲೋ ಅವಳು?"

ರೇಲ್ಯಾ ತಲೆ ಚಚ್ಚಿಕೊಂಡ. "ಏನೂ ಮುಚ್ಚಿಡೋಕೆ ಆಗಲ್ಲ ಇವರತ್ರ, ಎಲ್ಲಾ ಹೇಳೇ ಬಂದೆ. ಹೇಳು, ಇಲ್ದಿದ್ರೆ ಬಿಡಲ್ಲ."

"ಹೌದು ಅಂದೆ, ತಾತಾ!"

"ಏನು?"

"ಹೌದು!"

"ಜೋರಾಗಿ ಹೇಳಮ್ಮ, ಏನಂದೆ?"

ಮೂರು ವಾರ ಬಾಯಿ ಬಿಡದೆ ಕೂತವಳು ನಾನು. ಕಿಟಕಿ ತೆರೆದು, ಅಂಗಳಕ್ಕೆಲ್ಲ ಕೇಳುವಂತೆ, ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೂಗಿದೆ: "ಹೌದು! ಇಷ್ಟ! ನಿಮ್ಮ ಮೊಮ್ಮಗ ಅಂದ್ರೆ ನಂಗೆ ಇಷ್ಟ!"

ಕೆಳಗಿನ ಕಿಟಕಿಗಳು ಒಂದೊಂದಾಗಿ ತೆರೆದವು, ಎರಡೂ ಮೆಟ್ಟಿಲಸಾಲಿನವು. "ಹೌದಂತೆ ತಾತಾ!" ಎಂದು ಯಾರೋ ಕೂಗಿದರು. ರೇಲ್ಯಾ ನನ್ನ ಹಿಂದೆ ನಿಂತು ಗಟ್ಟಿಯಾಗಿ ನಗುತ್ತಿದ್ದ, ಅವನ ಕೈ ನನ್ನ ಕೈಯನ್ನು ಹಿಡಿದಿತ್ತು.